ಹನ್ನೊಂದು ಕಾಗದಗಳಿಗೆ ಸಹಿ ಹಾಕಿದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಸಹಿಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿದ್ದ ಹದಿನಾಲ್ಕು ಹೆಂಗಸರಲ್ಲಿ ಹೆಬ್ಬೆಟ್ಟು ಒತ್ತದೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ಅವಳೊಬ್ಬಳೇ. ಐದನೇ ಕ್ಲಾಸಿನವರೆಗೆ ಓದಿದ್ದಳು. ಹೆಸರನ್ನು ಒಂದೇ ಉಸಿರಿಗೆ ಬರೆದು, ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಬಾಲದ ಕೆಳಗೆ ಎರಡು ಚುಕ್ಕೆ ಇಡುತ್ತಿದ್ದಳು. ಚುಕ್ಕೆ ಯಾಕೆ ಎಂದು ಕೇಳಿದರೆ, "ಒಂದು ನನಗೆ, ಒಂದು ನಮ್ಮೆಜಮಾನ್ರಿಗೆ. ಅವರಿಗೆ ಸಹಿ ಬರಲ್ವಲ್ಲ, ಪಾಪ" ಎಂದು ನಗುತ್ತಿದ್ದಳು. ನಾನು ಅದೇ ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಚಾದರಗಳಿಗೆ ತೇಪೆ ಹಾಕುತ್ತಿದ್ದವಳು. ನನ್ನದೂ ಆಗ ಹೆಬ್ಬೆಟ್ಟೇ. ಅಕ್ಷರ ಕಲಿತದ್ದು ಆಮೇಲೆ, ಮೊಮ್ಮಗಳ ಪುಸ್ತಕದಲ್ಲಿ.

ಅವಳು ಕೆಲಸಕ್ಕೆ ಸೇರಿದ ವರ್ಷದ ಕೊನೆಯಲ್ಲಿ ಆಫೀಸಿನ ಗುಮಾಸ್ತ ಒಂದು ಕಾಗದ ಹಿಡಿದುಕೊಂಡು ಕೆಳಗಿಳಿದು ಬಂದ. ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡುವವನು. ನಮ್ಮ ಕೋಣೆಯ ಬ್ಲೀಚಿಂಗ್ ಪುಡಿಯ ವಾಸನೆ ಅವನಿಗೆ ಆಗುತ್ತಿರಲಿಲ್ಲ.

"ಯಾರಕ್ಕಾ ಇಲ್ಲಿ ಸಹಿ ಬರೋರು? ಹೆಂಗಸರ ಕಮಿಟಿಗೆ ಕೆಲಸಗಾರರ ಕಡೆಯಿಂದ ಒಬ್ಬರು ಬೇಕಂತೆ. ಕಾನೂನು."

"ಕಮಿಟಿ ಅಂದ್ರೆ ಏನು ಮಾಡ್ಬೇಕು?"

"ವರ್ಷಕ್ಕೊಂದು ಸಹಿ. ಅಷ್ಟೇ."

ಅವಳು ಕೈಯ ನೂಲುಪುಡಿ ಒರೆಸಿಕೊಂಡು ಹಾಕಿದಳು. ಬಾಲ, ಎರಡು ಚುಕ್ಕೆ. ಅವತ್ತು ಮನೆಗೆ ಹೋಗಿ ಹೇಳಿದ್ದೇ ತಡ, ಅವಳ ಅತ್ತೆ ಓಣಿಗೆಲ್ಲ ಡಂಗುರ ಸಾರಿದಳು. "ನಮ್ಮ ಸೊಸೆ ಕಮಿಟಿ ಮೆಂಬರು. ಇನ್ನು ನಾನು ಅವಳನ್ನ ಬೈಯೋ ಹಾಗಿಲ್ಲ, ಮೇಲಿನವರ ಒಪ್ಪಿಗೆ ಬೇಕು."

ಹಾಗೆ ಹನ್ನೊಂದು ವರ್ಷ, ಹನ್ನೊಂದು ಕಾಗದ. ಅದರಲ್ಲಿ ಏನಿದೆ ಎಂದು ಅವಳು ಓದಲಿಲ್ಲ, ಗುಮಾಸ್ತ ಓದಿಸಲೂ ಇಲ್ಲ. "ಈ ವರ್ಷ ದೂರು ಯಾವುದೂ ಇಲ್ಲ, ಅದಕ್ಕೇ ಸಹಿ" ಎನ್ನುತ್ತಿದ್ದ. ಹೌದು, ಯಾರೂ ದೂರು ಕೊಟ್ಟಿರಲಿಲ್ಲ.

ಈಗ ಚಾದರ ಮಡಿಸುವ ಬಗೆ ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಚಾದರ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಇಬ್ಬರು ಬೇಕು. ಒಬ್ಬಳು ಕಿಟಕಿಯ ಕಡೆ ನಿಂತು ಎರಡು ಮೂಲೆ ಹಿಡಿಯುತ್ತಾಳೆ, ಇನ್ನೊಬ್ಬಳು ಮೇಜಿನ ಕಡೆ. ಇಬ್ಬರೂ ಹಿಂದಕ್ಕೆ ಎಳೆದು ಒಮ್ಮೆ ಜಾಡಿಸಬೇಕು; ಬಟ್ಟೆ ಪಟ್ ಎನ್ನಬೇಕು. ಆಮೇಲೆ ಕಿಟಕಿಯವಳು ನಿಂತಲ್ಲೇ ನಿಲ್ಲುತ್ತಾಳೆ, ಮೇಜಿನವಳು ನಡೆದು ಬಂದು ತನ್ನ ಮೂಲೆಗಳನ್ನು ಅವಳ ಬೆರಳಿಗೆ ಕೊಡುತ್ತಾಳೆ. ಕೊಟ್ಟು, ಬಗ್ಗಿ, ಕೆಳಗಿನ ಮಡಿಕೆ ಎತ್ತಿಕೊಂಡು ಮತ್ತೆ ಹಿಂದೆ. ದಿನಕ್ಕೆ ಆರುನೂರು ಸಲ. ಯಾವಾಗಲೂ ಒಬ್ಬಳ ಎರಡೂ ಕೈ ತುಂಬಿರುತ್ತವೆ. ಬಿಟ್ಟರೆ ಚಾದರ ನೆಲಕ್ಕೆ ಬೀಳುತ್ತದೆ. ಆಸ್ಪತ್ರೆಯ ಬಟ್ಟೆ ನೆಲ ಮುಟ್ಟಿದರೆ ಮತ್ತೆ ಒಗೆತಕ್ಕೆ ಹೋಗಬೇಕು, ಬಿಟ್ಟವಳ ಹೆಸರಿನ ಮುಂದೆ ಹಲಗೆಯ ಮೇಲೆ ಒಂದು ಗೆರೆ ಬೀಳಬೇಕು. ತಿಂಗಳಿಗೆ ಮೂರು ಗೆರೆ ಬಿದ್ದವಳು ಕೆಳಗಿನ ಕೊಳೆಬಟ್ಟೆಯ ಕೋಣೆಗೆ. ಅಲ್ಲಿ ರಕ್ತ, ಕೀವು, ಮಲ ಬೇರ್ಪಡಿಸುವ ಕೆಲಸ. ಕಿಟಕಿಯೂ ಇಲ್ಲ.

ಗೆರೆ ಎಳೆಯುವ ಸೀಮೆಸುಣ್ಣ ಮೇಸ್ತ್ರಿಯ ಜೇಬಿನಲ್ಲಿರುತ್ತಿತ್ತು.

ಮೇಸ್ತ್ರಿಯನ್ನು ಕೆಟ್ಟವನು ಎಂದು ಯಾರೂ ಹೇಳುತ್ತಿರಲಿಲ್ಲ. ಐವತ್ತರ ಹತ್ತಿರದ ಗಂಡಸು, ಇಸ್ತ್ರಿ ಮುರಿಯದ ಅಂಗಿ. ಯಾರದೋ ಮಗುವಿಗೆ ಜ್ವರ ಬಂದರೆ ಮೇಲಿನಿಂದ ಔಷಧಿ ಇಳಿಸಿ ತರುತ್ತಿದ್ದ. ರಜೆ ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ. ಇಸ್ತ್ರಿ ಮೇಜಿನ ಹೆಂಗಸು, ನಾವು ಇಸ್ತ್ರಿಯವಳು ಎನ್ನುತ್ತಿದ್ದೆವು, ಅವನನ್ನು ಕಂಡರೆ "ನಮ್ಮ ಮೇಸ್ತ್ರಿ ಅಂದ್ರೆ ತವರುಮನೆ ಇದ್ದ ಹಾಗೆ" ಎನ್ನುತ್ತಿದ್ದಳು. ಸಹಿಯಕ್ಕನ ಗಂಡನಿಗೆ ನೆಲಮಾಳಿಗೆಯ ಬಾಯ್ಲರ್ ಕೆಲಸ ಕೊಡಿಸಿದವನೂ ಅವನೇ. ಬಾಯ್ಲರ್ ಹಗಲು ಪಾಳಿಯೋ ರಾತ್ರಿ ಪಾಳಿಯೋ ಎಂದು ಬರೆಯುವವನೂ ಅವನೇ.

ಅವನಿಗೆ ಒಂದು ಅಭ್ಯಾಸ. ಸಹಿಯಕ್ಕ ಕಿಟಕಿಯ ಕಡೆ ನಿಂತಿದ್ದಾಗ ಎದುರಿನವಳ ಭುಜ ತಟ್ಟಿ, "ನೀನು ಹೋಗಿ ನೀರು ಕುಡಿ, ಆ ತುದಿ ನಾನು ಹಿಡೀತೀನಿ" ಎನ್ನುವುದು. ಹೆಂಗಸರಿಗೆ ಖುಷಿ. ಕೈಗೆ ಬಿಡುವು ಯಾರು ಕೊಡುತ್ತಾರೆ? ಅವನು ಮೂಲೆ ಹಿಡಿದು ನಡೆದು ಬರುತ್ತಿದ್ದ. ಬೆರಳಿಗೆ ಬೆರಳು ತಾಗುವಲ್ಲಿ ನಿಲ್ಲುತ್ತಿರಲಿಲ್ಲ. ಎತ್ತಿ ಹಿಡಿದ ಚಾದರದ ಮರೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮಡಿಕೆಯ ಜೊತೆಗೆ ಅವನ ಹಿಂಗೈ ಅವಳ ಎದೆಯ ಮೇಲೆ. ಎಷ್ಟು ಹೊತ್ತು? ಒಂದು, ಎರಡು, ಮೂರು ಎಣಿಸುವಷ್ಟು. ಅವಳ ಕೈಗಳಲ್ಲಿ ನಾಲ್ಕು ಮೂಲೆ. ಹಿಂದೆ ಕಿಟಕಿಯ ಗೋಡೆ. ಆಮೇಲೆ ಅವನು ನಗುತ್ತ ಬಗ್ಗಿ ಮಡಿಕೆ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದ, ಏನೂ ನಡೆದೇ ಇಲ್ಲ ಎನ್ನುವ ಹಾಗೆ.

ಮೊದಲನೆಯ ಸಲ ಅವಳು ಚಾದರ ಬಿಟ್ಟಳು. ಅವನು ಬೇಸರದಿಂದ ತಲೆಯಾಡಿಸಿ ಹಲಗೆಯ ಹತ್ತಿರ ಹೋಗಿ ಗೆರೆ ಎಳೆದ. "ಹೊಸಬಳು. ಕೈ ಕೂರ್ಬೇಕು" ಎಂದ. ಎರಡನೆಯ ಸಲವೂ ಬಿಟ್ಟಳು. ಎರಡನೇ ಗೆರೆ. ಮೂರನೆಯ ಸಲ ಬಿಡಲಿಲ್ಲ.

"ಕೈ ಕೂತಿತು ಅಕ್ಕಾ. ನಾನೂ ಕೂತುಬಿಟ್ಟೆ" ಎಂದು ಎಷ್ಟೋ ವರ್ಷಗಳ ಮೇಲೆ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದಳು.

ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ. ಅವಳು ಮೇಜಿನ ಕಡೆಗೇ ನಿಲ್ಲಲು ನೋಡಿದಳು. "ಎತ್ತರದವಳು ಕಿಟಕಿ ಕಡೆ" ಎಂದು ನಿಯಮ ಮಾಡಿದ. ಅಂಗಿಯ ಮೇಲೆ ದಪ್ಪನೆಯ ಮುಂಗವಸು ಕಟ್ಟಿಕೊಂಡಳು. "ಸೆಖೆಗೆ ಸತ್ತೀಯಾ" ಎಂದು ಎಲ್ಲರೆದುರು ಕಳಕಳಿಯಿಂದ ಬಿಚ್ಚಿಸಿದ. ಗಂಡನಿಗೆ ಹೇಳಿದರೆ? ಬಾಯ್ಲರಿನವನು ಸಿಟ್ಟಿನ ಮನುಷ್ಯ, ಮೇಲೆ ಬಂದು ಕೈಮಾಡಿದರೆ ಇಬ್ಬರ ಕೆಲಸವೂ ಹೋದಂತೆ. ಉಗುಳಲೂ ಆಗದು, ನುಂಗಲೂ ಆಗದು. ಹೀಗೆ ಹನ್ನೊಂದು ವರ್ಷ. ಪ್ರತಿ ವರ್ಷದ ಕೊನೆಯಲ್ಲಿ ಗುಮಾಸ್ತ ಬಂದಾಗ ಮೇಸ್ತ್ರಿಯೇ ಕರೆಯುತ್ತಿದ್ದ: "ಸಹಿಯಕ್ಕಾ, ನಿನ್ನ ದರ್ಬಾರು ಬಂತು ನೋಡು!" ಎಲ್ಲರೂ ನಗುತ್ತಿದ್ದೆವು.

ಹನ್ನೆರಡನೆಯ ಕಾಗದ ಬಂದ ದಿನ ಬೆಳಿಗ್ಗೆಯೇ ಅವನು ಅವಳ ಎದುರು ತುದಿ ಹಿಡಿದಿದ್ದ. ಆ ಸಲ ಎಣಿಕೆ ಮೂರಕ್ಕೆ ನಿಲ್ಲಲಿಲ್ಲ. ಹಿಂಗೈ ತಿರುಗಿ ಅಂಗೈಯಾಯಿತು. ನಾನು ಅದನ್ನು ನೋಡಿದೆ. ಚಾದರದ ಒಂದು ಮಗ್ಗುಲು ಜಾರಿತ್ತು, ನನ್ನ ಮೂಲೆಯಿಂದ ಕಾಣುತ್ತಿತ್ತು. ನೋಡಿ ಸೂಜಿಯ ಕಡೆ ತಲೆ ತಗ್ಗಿಸಿದೆ.

ಗುಮಾಸ್ತ ಬಂದು ಕಾಗದ ಚಾಚಿದಾಗ ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

"ಬೇಗ ಹಾಕಕ್ಕಾ, ತಲೆನೋವು ಬರ್ತಾ ಇದೆ ನನಗೆ ಈ ವಾಸನೆಗೆ."

"ಓದಿ ಹಾಕ್ತೀನಿ."

"ಏನು?"

"ಓದಿ ಹಾಕ್ತೀನಿ ಅಂದೆ."

ಗುಮಾಸ್ತ ಕರವಸ್ತ್ರವನ್ನೇ ಕೆಳಗಿಳಿಸಿದ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಈ ಸಂಸ್ಥೆಯಲ್ಲಿ ಯಾವ ಹೆಂಗಸಿಗೂ ಯಾವ ರೀತಿಯ ಲೈಂಗಿಕ ಕಿರುಕುಳವೂ ಆಗಿಲ್ಲ ಎಂದು ಕಮಿಟಿಯವರಾದ ನಾವು ವಿಚಾರಿಸಿ ತಿಳಿದು ಸತ್ಯವಾಗಿ ಬರೆದುಕೊಟ್ಟಿದ್ದೇವೆ. ಕೆಳಗೆ ಮೂರು ಹೆಸರು. ಮೊದಲನೆಯದು ದೊಡ್ಡ ನರ್ಸಮ್ಮನದು, ಅವರೇ ಅಧ್ಯಕ್ಷೆ. ಎರಡನೆಯದು ಇವಳದು. ಮೂರನೆಯದು ಕಾನೂನಿನಂತೆ ಆಸ್ಪತ್ರೆಯ ಹೊರಗಿನಿಂದ ತಂದ ಒಬ್ಬ ಮೇಡಂನದು. ಹೆಸರಿನ ಕೆಳಗೆ ವಿಳಾಸವಿತ್ತು.

"ನಾಳೆ ಕೊಡ್ತೀನಿ" ಎಂದಳು.

"ನಾಳೆ ಕಳಿಸ್ಬೇಕು ಇದನ್ನ ಮೇಲಕ್ಕೆ!"

"ಹಾಗಾದ್ರೆ ನಾಡಿದ್ದು ಕಳಿಸಿ."

ಆ ಸಂಜೆ ಮನೆಯಲ್ಲಿ ಹೇಳಿದಳು. ಗಂಡ ಊಟದ ತಟ್ಟೆ ಸರಿಸಿ ಎದ್ದ. ಎದ್ದವನು ಬಾಗಿಲವರೆಗೆ ಹೋಗಿ ಅಲ್ಲೇ ಕೂತ. ಅವಳು ಹೆದರಿದ್ದು ಅವನ ಸಿಟ್ಟಿಗೆ, ಬಂದದ್ದು ಬೇರೆ.

"ಹನ್ನೊಂದು ವರ್ಷ ಸುಮ್ಮನಿದ್ದೆ. ಈಗ ಯಾಕೆ?" ಎಂದ. "ನಿವೃತ್ತಿಗೆ ಅವನಿಗೆ ಏಳೆಂಟು ವರ್ಷ. ಅಲ್ಲಿ ತನಕ ದಿನ ನೂಕ್ಬಿಡು."

"ರೀ, ಅದು ನಿಮ್ಮ ಮೈ ಅಲ್ಲ."

ಅತ್ತೆ ಮೂಲೆಯಿಂದ ಹೇಳಿದಳು: "ಮುಳ್ಳು ಬಟ್ಟೆ ಮೇಲೆ ಬಿದ್ರೂ ಬಟ್ಟೆ ಮುಳ್ಳಿನ ಮೇಲೆ ಬಿದ್ರೂ ಹರಿಯೋದು ಬಟ್ಟೆಯೇ ಕಣಮ್ಮಾ."

"ಹರಿದ ಬಟ್ಟೆಗೆ ತೇಪೆ ಹಾಕೋರಿದ್ದಾರೆ ಅತ್ತೆ, ಕೂತಿದ್ದಾರೆ ನಮ್ಮ ಮೂಲೇಲಿ. ಮುಳ್ಳು ಕೀಳೋರು ಯಾರು?"

ಅತ್ತೆ, "ಕಮಿಟಿ ಮೆಂಬರು ನೀನೇ ಅಲ್ವೇನೇ?" ಎಂದಳು. ಅವಳು ಚುಚ್ಚಲು ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಮರುದಿನ ಕೆಲಸ ಮುಗಿಸಿ ಹೊರಗಿನ ಮೇಡಂ ಮನೆ ಹುಡುಕಿಕೊಂಡು ಹೋದಳು. ಕಿರಿದಾದ ಮೆಟ್ಟಿಲು, ಮೇಲೆ ಹೊಲಿಗೆ ಕಲಿಸುವ ಒಂದು ಕೋಣೆ. ಮೇಡಂಗೆ ಅರವತ್ತು ದಾಟಿತ್ತು, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರು. ಇವಳು ನಿಂತುಕೊಂಡೇ ಎಲ್ಲ ಹೇಳಿದಳು. ಮೇಡಂ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಹನ್ನೊಂದು ವರ್ಷವೂ ಕೆಲಸಗಾರರ ಸಹಿ ಮೊದಲು ಬಿದ್ದಿರ್ತಿತ್ತು. ಒಳಗಿರೋರೇ ಇಲ್ಲ ಅಂದ್ಮೇಲೆ ಇಲ್ಲ ಅಂತ ನಾನೂ ಹಾಕ್ತಿದ್ದೆ" ಎಂದರು.

"ಓದಿದ ದೊಡ್ಡೋರು ಹಾಕ್ತಾರಲ್ಲ, ಸರಿಯಿರ್ಬೇಕು ಅಂತ ನಾನು ಹಾಕ್ತಿದ್ದೆ ಮೇಡಂ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೇಡಂ ಕುರ್ಚಿ ಎಳೆದು ಕೂರಿಸಿ, ಕಾನೂನು ಏನು ಹೇಳುತ್ತದೆಂದು ತಿಳಿಸಿದರು. ದೂರು ಬರೆದು ಕೊಡಬೇಕು. ಬರೆಯಲು ಆಗದಿದ್ದರೆ ಕಮಿಟಿಯವರೇ ಬರೆಯಲು ನೆರವಾಗಬೇಕು. ನಡೆದು ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು, ಅದಕ್ಕಿಂತ ಹಿಂದಿನದು ಸಾಕ್ಷಿಗೆ ಬರಬಹುದು, ದೂರಿಗೆ ಬಾರದು. ದೂರು ಕೊಟ್ಟವಳು ಕಮಿಟಿಯಲ್ಲಿ ಕೂರುವ ಹಾಗಿಲ್ಲ.

"ಅಂದ್ರೆ ಹನ್ನೊಂದು ವರ್ಷದಲ್ಲಿ ಕಡೆಯ ಮೂರು ತಿಂಗಳು ಕಾನೂನಿಗೆ, ಉಳಿದದ್ದು ನನಗೆ" ಎಂದಳು ಸಹಿಯಕ್ಕ.

ಮೇಡಂ ಗುಂಡುಸೂಜಿಯ ಡಬ್ಬಿಗೆ ಮುಚ್ಚಳ ಹಾಕಿದರು.

"ಇನ್ನೊಂದು" ಎಂದರು ಆಮೇಲೆ. "ವಿಚಾರಣೆಯಲ್ಲಿ ಏನು ನಡೀತು, ಏನು ತೀರ್ಮಾನ ಆಯ್ತು, ಯಾರಿಗೂ ಹೇಳೋ ಹಾಗಿಲ್ಲ. ನಿಮ್ಮ ಮಾನ ಕಾಯೋಕೇ ಆ ನಿಯಮ."

"ಹೇಳದೇ ಇರೋದು ನನಗೆ ಅಭ್ಯಾಸ ಇದೆ ಮೇಡಂ."

ದೂರನ್ನು ಅವಳೇ ಬರೆದಳು. ಮೇಡಂ ಬರೆಯುತ್ತೇನೆಂದರೂ ಕೊಡಲಿಲ್ಲ. ಒಂದೂವರೆ ಪುಟ, ಮೂರು ಸಂಜೆ ಹಿಡಿಯಿತು. ಕೊನೆಯಲ್ಲಿ ಹೀಗೆ ಬರೆದಳು: "ಹಿಂದಿನ ಹನ್ನೊಂದು ಕಾಗದಕ್ಕೆ ನಾನು ಓದದೆ ಹಾಕಿದ ಸಹಿ ಸುಳ್ಳು. ಆ ತಪ್ಪು ನನ್ನದು. ಅದನ್ನೂ ವಿಚಾರಿಸಿ." ಆ ಸಾಲು ಬೇಡ, ಅದು ನಿಮ್ಮ ಕುತ್ತಿಗೆಗೇ ಬರುತ್ತದೆ ಎಂದು ಮೇಡಂ ಎಷ್ಟು ಹೇಳಿದರೂ ತೆಗೆಯಲಿಲ್ಲ.

ಸಹಿಯಿಲ್ಲದ ಹನ್ನೆರಡನೆಯ ಕಾಗದದ ಜೊತೆ ದೂರು ಮೇಲೆ ಹೋದ ಮೇಲೆ ನಮ್ಮ ಕೋಣೆಯ ಗಾಳಿಯೇ ಬದಲಾಯಿತು. ಏನೆಂದು ಯಾರಿಗೂ ಗೊತ್ತಿಲ್ಲ. ಏನೋ ಇದೆ ಎಂದು ಎಲ್ಲರಿಗೂ ಗೊತ್ತು. ಮೇಸ್ತ್ರಿ ಅವಳ ತುದಿ ಹಿಡಿಯುವುದನ್ನು ಬಿಟ್ಟ. ಆದರೆ ಬಾಯ್ಲರಿನವನಿಗೆ ರಾತ್ರಿ ಪಾಳಿ ಬಿತ್ತು. ಗಂಡ ಹೆಂಡತಿ ಬಾಗಿಲಲ್ಲಿ ಎದುರುಬದುರಾಗಿ, ಒಬ್ಬರು ಒಳಗೆ ಒಬ್ಬರು ಹೊರಗೆ. ದೊಡ್ಡ ನರ್ಸಮ್ಮ ಅವಳನ್ನು ಕರೆಸಿ, "ವಿಚಾರಣೆ ಮುಗಿಯೋ ತನಕ ನಿನಗೆ ರಜೆ ಕೊಡ್ಬಹುದು. ಸಂಬಳ ನಿಲ್ಲಲ್ಲ. ಮನೇಲಿರು" ಎಂದರು.

"ನಾನು ಹೋದ್ರೆ ನಾನೇ ಏನೋ ಮಾಡಿ ಓಡಿಹೋದೆ ಅಂತಾರೆ ಅಮ್ಮಾ."

"ರಾಜಿ ಬೇಕಾದ್ರೆ ನೀನೇ ಬಾಯಿಬಿಟ್ಟು ಕೇಳ್ಬೇಕು. ಕೇಳಿದ್ರೆ ಮಾಡಿಸ್ತೀನಿ."

"ಕೇಳಲ್ಲ."

ದೊಡ್ಡ ನರ್ಸಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ತಿಕ್ಕಿಕೊಂಡರು. ಆ ಮೇಜಿನ ಮೇಲೆ ಹನ್ನೊಂದು ಹಳೆಯ ಕಾಗದ ಒಂದರ ಮೇಲೊಂದು ಇದ್ದವು ಎಂದು ಅವಳು ಹೇಳಿದಳು. ಎಲ್ಲದರಲ್ಲೂ ಮೇಲುಗಡೆ ಅವರದೇ ಸಹಿ.

ವಿಚಾರಣೆ ನಡೆದದ್ದು ದೊಡ್ಡ ನರ್ಸಮ್ಮನ ಆ ಕೋಣೆಯಲ್ಲೇ. ಸಹಿಯಕ್ಕನ ಜಾಗಕ್ಕೆ ಅಡುಗೆಮನೆಯ ಮೇಲ್ವಿಚಾರಕಿಯನ್ನು ಕೂರಿಸಿದ್ದರು. ನನ್ನನ್ನು ಸಾಕ್ಷಿಗೆ ಕರೆದರು. ಕಂಡದ್ದು ಹೇಳಿದೆ. ಅಂಗೈ ಕಂಡೆ ಎಂದೆ, ಕಂಡು ತಲೆ ತಗ್ಗಿಸಿದೆ ಎಂದೂ ಹೇಳಿದೆ.

ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ದನಿ ಮೆತ್ತಗೆ. "ಅಮ್ಮಾ, ಚಾದರ ಮಡಿಸುವಾಗ ಕೈಗೆ ಕೈ ತಾಗುತ್ತೆ. ತಾಗದೆ ಹೇಗೆ ಮಡಿಸ್ತೀರಿ? ನೀವೂ ವಾರ್ಡಿನಲ್ಲಿ ಮಡಿಸಿದ್ದೀರಿ. ಹೆಂಗಸರಿಗೆ ಬಿಡುವು ಕೊಡೋಣ ಅಂತ ತುದಿ ಹಿಡಿದದ್ದೇ ನನ್ನ ತಪ್ಪಾಯ್ತು."

ಅಡುಗೆಮನೆಯವಳು ತಲೆಯಾಡಿಸಿದಳು. ಹೌದಲ್ಲ, ತಾಗುತ್ತದೆ.

ಹೊರಗಿನ ಮೇಡಂ ಒಂದು ಚಾದರ ತರಿಸಿದರು. ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ನನಗೆ ಕೊಟ್ಟರು. ಜಾಡಿಸಿದೆವು. ನಾನು ನಡೆದು ಹೋಗಿ ಮೂಲೆ ಕೊಟ್ಟೆ. ಮೇಡಂ "ಅಲ್ಲೇ ನಿಲ್ಲಿ" ಎಂದರು. ನಿಂತೆ. ನನ್ನ ಬೆರಳು ಅವರ ಬೆರಳಿಗೆ ತಾಗಿತ್ತು. ನಮ್ಮಿಬ್ಬರ ಮೈ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಜಾಗ; ಅಲ್ಲಿ ಮಡಿಕೆ ಇಳಿಬಿದ್ದಿತ್ತು. ಇಬ್ಬರೂ ಕೈ ಚಾಚಿಯೇ ಇರಬೇಕು, ಇಲ್ಲದಿದ್ದರೆ ಬಟ್ಟೆ ಬಿಗಿ ನಿಲ್ಲುವುದಿಲ್ಲ, ಸುಕ್ಕು ಬೀಳುತ್ತದೆ. ನಲವತ್ತು ವರ್ಷ ಆ ಕೆಲಸ ಕಂಡ ನನಗೂ ಆ ಜಾಗ ಕಣ್ಣಿಗೆ ಬಿದ್ದದ್ದು ಅವತ್ತೇ.

"ಮೇಸ್ತ್ರಿಗಳೇ" ಎಂದರು ಮೇಡಂ, "ಇಲ್ಲಿಂದ ಮುಂದಕ್ಕೆ ಬನ್ನಿ ಅಂತ ಯಾವ ಚಾದರ ಹೇಳುತ್ತೆ?"

 ಅವನು ನಿಧಾನವಾಗಿ ಮೇಜಿನ ಕಡೆ ಕೈ ತೋರಿಸಿದ. "ಆ ಕಾಗದಗಳನ್ನೂ ಓದಿ ಅಮ್ಮಾ. ಪ್ರತಿ ವರ್ಷ ಏನೂ ಆಗಿಲ್ಲ ಅಂತ ಸತ್ಯವಾಗಿ ಬರೆದುಕೊಟ್ಟೋಳು ಯಾರು? ಅದು ಸುಳ್ಳಾದ್ರೆ ಇದು ನಿಜ ಅಂತ ಹೇಗೆ ನಂಬ್ತೀರಿ? ಅಥವಾ ಆ ಕಾಗದಕ್ಕೆ ಸಹಿ ಹಾಕಿದ ಎಲ್ಲರೂ ಸುಳ್ಳರಾ?"

ಬಾಣ ಸಹಿಯಕ್ಕನಿಗೆ ಬಿಟ್ಟದ್ದಲ್ಲ. ದೊಡ್ಡ ನರ್ಸಮ್ಮ ಇವಳನ್ನು ನಂಬಬೇಕಾದರೆ ತಾವು ಹನ್ನೊಂದು ವರ್ಷ ವಿಚಾರಿಸದೆ ವಿಚಾರಿಸಿದ್ದೇವೆಂದು ಬರೆದದ್ದನ್ನು ಒಪ್ಪಬೇಕು. ನಂಬದಿದ್ದರೆ ಎಲ್ಲರೂ ಕ್ಷೇಮ, ಇವಳೊಬ್ಬಳು ಸುಳ್ಳಿ.

"ನನ್ನದು ಸುಳ್ಳೇ" ಎಂದಳು ಸಹಿಯಕ್ಕ. "ದೂರಿನಲ್ಲೇ ಬರೆದಿದ್ದೀನಿ."

"ನನ್ನದೂ" ಎಂದರು ಹೊರಗಿನ ಮೇಡಂ. "ಅದನ್ನೂ ಬರ್ಕೊಳ್ಳಿ."

 ದೊಡ್ಡ ನರ್ಸಮ್ಮ ಅವತ್ತಿಗೆ ಸಾಕು ಎಂದು ಎದ್ದರು.

ಆಮೇಲೆ ಐದು ವಾರ. ಸಹಿಯಕ್ಕ ದಿನಾ ಬಂದಳು, ಮಡಿಸಿದಳು, ಹೋದಳು. ಹೆಂಗಸರು ಅವಳೊಡನೆ ಮಾತು ಕಡಿಮೆ ಮಾಡಿದರು. ಅವರವರಲ್ಲೇ ಒಂದು ಕಥೆ ಕಟ್ಟಿಕೊಂಡಿದ್ದರು: ಇವಳಿಗೆ ಮೇಸ್ತ್ರಿಯ ಕುರ್ಚಿಯ ಮೇಲೆ ಕಣ್ಣು, ಅದಕ್ಕೇ ಚಾಡಿ ಹೇಳಿದ್ದಾಳೆ. ಇಸ್ತ್ರಿಯವಳು ಕೇಳಿಸುವಂತೆಯೇ ಹೇಳುತ್ತಿದ್ದಳು: "ಸಹಿ ಬಂದ ಮಾತ್ರಕ್ಕೆ ಸಾಹೇಬರಾಗಲ್ಲಮ್ಮ." ಸಹಿಯಕ್ಕ ಚಾದರ ಜಾಡಿಸುತ್ತಿದ್ದಳು. ಪಟ್. ಹೇಳಲು ಅವಳ ಬಾಯಲ್ಲಿ ಒಂದೂವರೆ ಪುಟ ಇತ್ತು, ಹೇಳುವ ಹಾಗಿರಲಿಲ್ಲ.

ತೀರ್ಮಾನ ಬಂತು. ದೂರು ನಿಜ ಎಂದು ಬರೆದಿತ್ತು. ಕೆಳಗೆ ಮೂರು ಸಹಿ. ದೊಡ್ಡ ನರ್ಸಮ್ಮನದೂ ಇತ್ತು. ಆ ಸಹಿ ಹಾಕುವ ಮುಂಚೆ ಅವರು ಎಷ್ಟು ರಾತ್ರಿ ನಿದ್ದೆಗೆಟ್ಟರೋ, ಅವರಿಗೇ ಗೊತ್ತು. ಮೇಸ್ತ್ರಿ ಬರೆದುಕೊಟ್ಟು ಕ್ಷಮೆ ಕೇಳಬೇಕು, ಅವನ ಬಡ್ತಿ ನಿಲ್ಲಬೇಕು, ಅವನನ್ನು ಇಲ್ಲಿಂದ ತೆಗೆಯಬೇಕು. ಎಲ್ಲ ಕೆಲಸದ ಕೋಣೆಗಳಲ್ಲೂ ಕಾನೂನಿನ ನೋಟೀಸು ಹಚ್ಚಬೇಕು. ಆಫೀಸಿನವರು ಅದನ್ನು ನಡೆಸಿದರು, ತಮ್ಮ ರೀತಿಯಲ್ಲಿ. ಅವನನ್ನು ತೆಗೆದು ಆಸ್ಪತ್ರೆಯ ಇನ್ನೊಂದು ಕಟ್ಟಡಕ್ಕೆ ಹಾಕಿದರು. ಅಲ್ಲಿಯ ಬಟ್ಟೆ ವಿಭಾಗಕ್ಕೆ.

ಯಾಕೆ ಎಂದು ಹೆಂಗಸರಿಗೆ ಯಾರೂ ಹೇಳಲಿಲ್ಲ. ದೊಡ್ಡ ಕಟ್ಟಡ, ಆದ್ದರಿಂದ ಬಡ್ತಿಯೇ ಇರಬೇಕು ಎಂದುಕೊಂಡರು. ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ ತಂದು ಬಣ್ಣದ ಕಾಗದ ಸುತ್ತಿ, ಇಸ್ತ್ರಿಯವಳು ಅದನ್ನು ಸಹಿಯಕ್ಕನ ಮುಂದೆ ಇಟ್ಟಳು.

"ಮೇಲೆ ಬರೀ. ಪ್ರೀತಿಯ ಮೇಸ್ತ್ರಿಗಳಿಗೆ ಅಂತ. ನಿನ್ನ ಅಕ್ಷರ ಚೆಂದ."

"ಬರೆಯಲ್ಲ."

"ಯಾಕೆ?"

"ಬರೆಯಲ್ಲ ಅಷ್ಟೇ."

"ನಿನ್ನ ಗಂಡನಿಗೆ ಕೆಲಸ ಕೊಡಿಸಿದ ಕೈ ಕಣೇ ಅದು! ಏನು ಮಾಡಿದ್ದಾನೆ ನಿನಗೆ? ಹೇಳು, ಎಲ್ಲರೂ ಕೇಳ್ಲಿ!"

ಸಹಿಯಕ್ಕ ನನ್ನ ಕಡೆ ನೋಡಿದಳು. ನನ್ನ ಬಾಯಿಗೂ ಅದೇ ಬೀಗ. ಅವಳು ಗಡಿಯಾರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುಂದಿನ ಚಾದರ ಎತ್ತಿಕೊಂಡಳು. ಎದುರು ತುದಿ ಹಿಡಿಯಲು ಯಾರೂ ಬರಲಿಲ್ಲ. ನಾನು ಯಂತ್ರ ಬಿಟ್ಟು ಎದ್ದು ಹೋಗಿ ಹಿಡಿದೆ. ಟೀ, ಬಿಸ್ಕತ್ತು, ಚಪ್ಪಾಳೆ ಎಲ್ಲ ನಮ್ಮ ಬೆನ್ನ ಹಿಂದೆ ನಡೆಯಿತು.

"ಆ ಕಟ್ಟಡದಲ್ಲೂ ಚಾದರ ಮಡಿಸೋರು ಹೆಂಗಸರೇ ಅಲ್ವಾ?" ಎಂದು ಅವಳು ಹೊರಗಿನ ಮೇಡಂ ಅವರನ್ನು ಕೇಳಿದಳು. ಅಲ್ಲಿದ್ದವರು ಒಂಬತ್ತು ಜನ ಹೆಂಗಸರು. "ಅವರಿಗೆ ಹೇಳ್ಲಾ?"

"ಕೇಸಿನ ಒಂದು ಮಾತೂ ಹೇಳೋ ಹಾಗಿಲ್ಲ. ಹೇಳಿದ್ರೆ ಶಿಕ್ಷೆ ನಿಮಗೆ."

"ನೋಟೀಸು ಹಚ್ಚಬೇಕು ಅಂತ ಬರೆದಿತ್ತಲ್ಲ?"

"ಹಚ್ಚಿದ್ದಾರೆ. ಆಫೀಸಿನ ಮೆಟ್ಟಿಲ ಹತ್ತಿರ ಒಂದು."

"ಎಲ್ಲ ಕೋಣೆಯಲ್ಲೂ ಅಂತ ಬರೆದಿತ್ತು."

ಮೇಡಂ ಅವಳನ್ನೇ ನೋಡಿದರು. "ನೋಟೀಸು ಎಲ್ಲರಿಗೂ ಸೇರಿದ್ದು. ಅದನ್ನ ಹಚ್ಚೋದು, ಓದೋದು ತಪ್ಪಲ್ಲ" ಎಂದು ದೊಡ್ಡ ನರ್ಸಮ್ಮನ ಒಪ್ಪಿಗೆಯ ಚೀಟಿ ತರಿಸಿಕೊಟ್ಟರು.

ವಾರದ ರಜೆಯ ದಿನ ಅವಳು ಆ ಕಟ್ಟಡಕ್ಕೆ ಹೋದಳು. ಅಂಟಿನ ಡಬ್ಬಿ ನನ್ನ ಕೈಯಲ್ಲಿತ್ತು. ನಮ್ಮದಕ್ಕಿಂತ ದೊಡ್ಡ ಕೋಣೆ, ಯಂತ್ರಗಳ ಸದ್ದೂ ದೊಡ್ಡದು. ಕಿಟಕಿಗಳ ಬದಲು ಗಾಜಿನ ಇಟ್ಟಿಗೆಯ ಗೋಡೆ. ಒಂಬತ್ತು ಹೆಂಗಸರು ಜೋಡಿಜೋಡಿಯಾಗಿ ಮಡಿಸುತ್ತಿದ್ದರು; ಒಬ್ಬಳಿಗೆ ಜೋಡಿ ಇರಲಿಲ್ಲ. ಅವಳ ಎದುರು ತುದಿಯನ್ನು ಮೇಸ್ತ್ರಿ ಹಿಡಿದಿದ್ದ.

ನಮ್ಮನ್ನು ಕಂಡು ಅವನು ಮೂಲೆ ಬಿಟ್ಟ. ಚಾದರದ ಅರ್ಧ ನೆಲಕ್ಕೆ ಬಿತ್ತು.

"ಇಲ್ಲಿ ನಿನಗೇನು ಕೆಲಸ?"

ಅವಳು ಚೀಟಿ ತೋರಿಸಿದಳು. ಮಡಿಸುವ ಮೇಜಿನ ಎದುರಿನ ಗೋಡೆಗೆ ಅಂಟು ಬಳಿದು, ನೋಟೀಸು ಹಚ್ಚಿ, ಅಂಗೈಯಿಂದ ನಾಲ್ಕೂ ಮೂಲೆ ಒತ್ತಿದಳು.

"ಏನಕ್ಕಾ ಅದು?" ಎಂದಳು ಜೋಡಿಯಿಲ್ಲದವಳು.

"ಓದು."

"ನನಗೆಲ್ಲಿ ಬರುತ್ತೆ?"

ಸಹಿಯಕ್ಕ ಗೋಡೆಯ ಕಡೆ ತಿರುಗಿ ಬೆರಳಿಟ್ಟು ಓದತೊಡಗಿದಳು. ಕೆಲಸದ ಜಾಗದಲ್ಲಿ ಹೆಂಗಸಿಗೆ ಇಷ್ಟವಿಲ್ಲದೆ ಮುಟ್ಟುವುದು, ಮೈಮೇಲೆ ಬರುವುದು, ಕೆಟ್ಟ ಮಾತಾಡುವುದು ಕಾನೂನಿಗೆ ವಿರುದ್ಧ. ಆದವಳು ಮೂರು ತಿಂಗಳೊಳಗೆ ಕಮಿಟಿಗೆ ದೂರು ಕೊಡಬಹುದು. ಬರೆಯಲು ಬಾರದಿದ್ದರೆ ಕಮಿಟಿಯವರು ಬರೆಯಲು ನೆರವಾಗಬೇಕು. ದೂರು ಕೊಟ್ಟವಳ ಹೆಸರು ಹೊರಗೆ ಬರಬಾರದು. ಅವಳು ಎಡವಿದಳು, ನಿಂತಳು, ಮತ್ತೆ ಹಿಂದಿನ ಸಾಲಿಗೆ ಹೋಗಿ ಓದಿದಳು. ಶಾಲೆಯ ಮಕ್ಕಳ ಹಾಗೆ, ಗಟ್ಟಿಯಾಗಿ, ರಾಗವಿಲ್ಲದೆ. ಯಂತ್ರದ ಸದ್ದಿನ ಮೇಲೆ ಕೂಗಿ ಓದಬೇಕಿತ್ತು. ಗಂಟಲು ಒಡೆಯಿತು. ಹೆಂಗಸರು ಮಡಿಸುವುದನ್ನು ನಿಲ್ಲಿಸಲಿಲ್ಲ. ಕೇಳುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಮೇಸ್ತ್ರಿ ಸೀಮೆಸುಣ್ಣ ಹಿಡಿದು ಹಲಗೆಯ ಹತ್ತಿರ ನಿಂತಿದ್ದ. ಹೋಗು ಎನ್ನಲೂ ಅವನಿಂದಾಗಲಿಲ್ಲ, ನೋಟೀಸಿನ ಕೆಳಗೆ ಆಸ್ಪತ್ರೆಯ ಮೊಹರಿತ್ತು.

ಕೊನೆಗೆ ಫೋನ್ ನಂಬರು ಓದಿದಳು. ಅದು ಹೊರಗಿನ ಮೇಡಂನದು. ಮುಗಿಯಿತು. ಚಾದರಗಳು ಪಟ್ ಪಟ್ ಎನ್ನುತ್ತಿದ್ದವು. ನಾವು ಅಂಟಿನ ಡಬ್ಬಿ ಮುಚ್ಚಿಕೊಂಡು ಬಾಗಿಲವರೆಗೆ ಬಂದೆವು.

"ಅಕ್ಕಾ" ಎಂದು ಹಿಂದಿನಿಂದ ಕೂಗು ಬಂತು. ಜೋಡಿಯಿಲ್ಲದವಳು. ಬಿದ್ದ ಚಾದರವನ್ನು ಎದೆಗೆ ಅವಚಿಕೊಂಡು ಗಾಜಿನ ಗೋಡೆಗೆ ಒರಗಿ ನಿಂತಿದ್ದಳು. ಮೇಸ್ತ್ರಿಯ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. "ಆ ಮಶೀನು ಸದ್ದಿಗೆ ಕೊನೆಯ ಎರಡು ಅಂಕಿ ಕೇಳಿಸ್ಲಿಲ್ಲ."

ಸಹಿಯಕ್ಕ ಬಾಗಿಲಲ್ಲೇ ನಿಂತು, ಮೊದಲಿನಿಂದ ಎಲ್ಲ ಅಂಕಿಗಳನ್ನೂ ಇನ್ನೊಮ್ಮೆ ಹೇಳಿದಳು.